ಸರ್ವೆ ನಂಬರು ಹಿಡಿದು ಮುತ್ತಜ್ಜನವರೆಗೆ: ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಮನೆತನದ ಮೂಲ ಹುಡುಕುವ ಬಗೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ 1538ರಿಂದ ಚರ್ಚಿನವರು ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ಅಲ್ಲಿಯವರು ಮನೆತನದ ಹುಡುಕಾಟವನ್ನು ಆ ಪುಸ್ತಕದಿಂದಲೇ ಶುರು ಮಾಡುತ್ತಾರೆ. ನಮ್ಮ ಕಡೆ ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ರಿಜಿಸ್ಟರ್, ಮುಸ್ಲಿಂ ಕುಟುಂಬಗಳಿಗೆ ಜಮಾತಿನ ನಿಕಾಹ್ ಪುಸ್ತಕ ಸಿಗಬಹುದು. ಮಿಕ್ಕವರಿಗೆ ಅಂಥದ್ದೇನೂ ಇಲ್ಲ. ಹುಟ್ಟು ಸಾವುಗಳ ನೋಂದಣಿ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕಿಂತ ಹಿಂದಿನದು ಊರಿಂದೂರಿಗೆ ಹೆಚ್ಚುಕಡಿಮೆ.

ಆದರೆ ಕಂದಾಯ ಕಟ್ಟುವವನ ಹೆಸರನ್ನು ಸರ್ಕಾರ ಬಿಡದೆ ಬರೆದಿಟ್ಟಿದೆ. ಅದಕ್ಕೇ ನಮ್ಮಲ್ಲಿ ಮನೆತನ ಹುಡುಕುವವರು ಹೆಸರಿನ ಬೆನ್ನು ಹತ್ತುವ ಬದಲು ಸರ್ವೆ ನಂಬರಿನ ಬೆನ್ನು ಹತ್ತಬೇಕು. ಒಂದೇ ಊರಲ್ಲಿ ಹತ್ತು ಮಂದಿ ತಿಪ್ಪೇಸ್ವಾಮಿ, ಎಂಟು ಮಂದಿ ಹಾಲಪ್ಪ ಇರುತ್ತಾರೆ. ಅಜ್ಜನ ಹೆಸರು ಮೊಮ್ಮಗನಿಗೆ ಬಂದು, ಸಿದ್ದಪ್ಪ ಬಿನ್ ಹಾಲಪ್ಪ, ಹಾಲಪ್ಪ ಬಿನ್ ಸಿದ್ದಪ್ಪ ಅಂತ ತಲೆಮಾರು ಬಿಟ್ಟು ತಲೆಮಾರಿಗೆ ಅದೇ ಜೋಡಿ ತಿರುಗುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ಮನೆಯೊಳಗೆ

ಕಚೇರಿಗೆ ಹೋಗುವ ಮುಂಚೆ ಟ್ರಂಕು, ಅಟ್ಟ, ದೇವರ ಮನೆ ನೋಡಿ. ಹಳೆಯ ಕಂದಾಯ ರಸೀದಿ, ಕ್ರಯಪತ್ರ, ಪಾರಿಖತ್ತು (ಪಾಲಿನ ಪತ್ರ), ಸಾಗುವಳಿ ಚೀಟಿ, ಸೊಸೈಟಿಯ ಷೇರು ಪುಸ್ತಕ ಸಿಕ್ಕರೆ ಅದರಲ್ಲಿರುವ ಸರ್ವೆ ನಂಬರು, ಗ್ರಾಮದ ಹೆಸರು, ಇಸವಿ ಮೂರನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಕಾಗದವನ್ನು ಬಿಸಿಲಲ್ಲಿ ಒಣಗಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಲ್ಯಾಮಿನೇಶನ್ ಆದರೆ ಮತ್ತೆ ಬಿಡಿಸಲಾಗದು, ಶಾಯಿಯೂ ಕೆಡಬಹುದು. ನೆರಳಲ್ಲಿ ಬಿಡಿಸಿಟ್ಟು, ಎರಡೂ ಮಗ್ಗುಲಿನ ಫೋಟೋ ತೆಗೆದರೆ ಸಾಕು. ಹಿಂಬದಿಯ ಷರಾದಲ್ಲೇ ಎಷ್ಟೋ ಸಲ ಮುಖ್ಯ ವಿಷಯ ಇರುತ್ತದೆ.

ಎಲ್ಲರೂ ಕಡೆಗಣಿಸುವ ದಾಖಲೆ ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದರ ಜೊತೆ ಅವರ ಊರೂ ಅದರಲ್ಲಿ ಇರುತ್ತದೆ. ಅಜ್ಜಿಯ ತವರು ಯಾವುದು, ಸೋದರತ್ತೆಯರನ್ನು ಎಲ್ಲಿಗೆ ಕೊಟ್ಟಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸರ್ಕಾರದ ಯಾವ ಕಚೇರಿಯಲ್ಲೂ ಇಲ್ಲ. ಹಾಗೆಯೇ ಲಗ್ನಪತ್ರಿಕೆಗಳು, ಶಿವಗಣಾರಾಧನೆ ಪತ್ರಿಕೆಗಳು. ತೀರಿಕೊಂಡ ದಿನ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ. ಹಿತ್ತಾಳೆ, ಸ್ಟೀಲಿನ ಪಾತ್ರೆಗಳ ಅಂಚನ್ನೂ ಬೆಳಕಿಗೆ ಹಿಡಿದು ನೋಡಿ: ಕೊಟ್ಟವರ ಹೆಸರು, ತಾರೀಖು ಕೊರೆಸಿರುತ್ತಾರೆ.

ಹಿರಿಯರನ್ನು ಕೇಳುವ ಕ್ರಮ

ಊರಲ್ಲಿ ವಯಸ್ಸಾದ ಗಂಡಸರನ್ನು ಕೇಳಿದರೆ ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಂದೇ ಗೆರೆಯಲ್ಲಿ ಹೇಳಿ ಮುಗಿಸುತ್ತಾರೆ. ಆ ಮನೆಗೆ ಸೊಸೆಯಾಗಿ ಬಂದ ಅಜ್ಜಿಯರನ್ನು ಕೇಳಿ. ಯಾರು ಯಾರಿಗೆ ಏನಾಗಬೇಕು, ಯಾರು ಚಿಕ್ಕವರಿದ್ದಾಗಲೇ ತೀರಿಕೊಂಡರು, ಯಾರದು ಎರಡನೇ ಸಂಬಂಧ, ಇವೆಲ್ಲ ಅವರಿಗೇ ಗೊತ್ತು. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಹತ್ತಿರವೂ ಹೋಗಿ. ತವರಿನ ನೆನಪು ಅವರಲ್ಲಿ ಹೆಚ್ಚು ಹಸಿರಾಗಿರುತ್ತದೆ.

"ಯಾವ ಇಸವಿ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಊರೆಲ್ಲ ನೆನಪಿಟ್ಟುಕೊಂಡ ಘಟನೆ ಹಿಡಿದು ಕೇಳಿ. ಹಿರಿಯೂರು, ಹೊಸದುರ್ಗದ ಕಡೆ ಮಾರಿಕಣಿವೆ (ವಾಣಿವಿಲಾಸ ಸಾಗರ) ಕಟ್ಟೆ ಮುಗಿದದ್ದು 1907ರಲ್ಲಿ. ಹಿನ್ನೀರಿನಲ್ಲಿ ಊರು ಮುಳುಗಿ ಎದ್ದು ಬಂದ ಮನೆತನಗಳಿಗೆ ಅದೇ ಗಡಿ. ತುರುವನೂರಿನ ಈಚಲು ಮರದ ಸತ್ಯಾಗ್ರಹ 1939ರಲ್ಲಿ. ದಾವಣಗೆರೆ, ಹರಿಹರದ ಕಡೆಯವರಿಗೆ ಭದ್ರಾ ಕಾಲುವೆ ನೀರು ಬಂದ ವರ್ಷ ಒಳ್ಳೆಯ ಗುರುತು, ಆದರೆ ಅದು ಊರಿಂದೂರಿಗೆ ಬೇರೆಬೇರೆ. ಪ್ಲೇಗು ಬಂದು ಊರು ಬಿಟ್ಟ ಕಥೆ ಬಂದರೆ 1898ರ ಆಮೇಲಿನದು ಎಂದು ತಿಳಿಯಿರಿ.

ಸಂವತ್ಸರದ ಹೆಸರು ಬಂದರೆ ಬಹಳ ಉಪಯೋಗ. ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗೆ ಶುರುವಾಯಿತು. ಅಲ್ಲಿಂದ ಎಣಿಸಿಕೊಂಡು ಹೋಗಬಹುದು. ಧಾತು 1876, ಈಶ್ವರ 1877. ಆ ವರ್ಷಗಳಲ್ಲಿ ಬಿದ್ದ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಸುಮಾರು 50 ಲಕ್ಷದಿಂದ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ನಮ್ಮ ಬಯಲುಸೀಮೆಯ ಮನೆತನಗಳ ಎಳೆ ಕಡಿದುಹೋಗುವುದು ಬಹಳ ಸಲ ಇಲ್ಲೇ. ಒಂದು ಎಚ್ಚರ: ಧಾತು 60 ವರ್ಷದ ಮೇಲೆ 1936ರಲ್ಲಿ ಮತ್ತೆ ಬಂದಿದೆ. "ಧಾತುವಿನಲ್ಲಿ ಹುಟ್ಟಿದವನು" ಎಂದರೆ ಯಾವ ಧಾತು ಎಂಬುದನ್ನು ಅವನ ಮಕ್ಕಳ ವಯಸ್ಸಿನಿಂದ ತೂಗಿ ನೋಡಬೇಕು. ಪತ್ರದಲ್ಲಿ ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ.

ಪಹಣಿಯಿಂದ ಹಿಂದಕ್ಕೆ

ಈಗಿನ ಪಹಣಿ (ಹೊಲದ ಸರ್ಕಾರಿ ದಾಖಲೆ, ಆರ್.ಟಿ.ಸಿ.) ಮುಂದಿಟ್ಟುಕೊಳ್ಳಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, ಅದರ ಮುಂದೆ 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂಬುದಕ್ಕೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರು ಮತ್ತು ವರ್ಷ. ಇದೇ ನಿಮ್ಮ ಮೆಟ್ಟಿಲು. ಆ ಎಂ.ಆರ್. ತೆಗೆಸಿದರೆ ಹಿಂದಿನ ಖಾತೆದಾರ ಯಾರೆಂದು ತಿಳಿಯುತ್ತದೆ. ಅವನ ಹೆಸರಿದ್ದ ಹಳೆಯ ಪಹಣಿ ತೆಗೆಸಿದರೆ ಅದರ 10ನೇ ಕಾಲಂನಲ್ಲಿ ಇನ್ನೂ ಹಿಂದಿನ ಎಂ.ಆರ್. ನಂಬರು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಬೇಕು. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸಿನಲ್ಲಿ. ಅದರಿಂದೀಚೆಗಿನದು ಮನೆಯಲ್ಲೇ ಕೂತು ನೋಡಬಹುದು. ಅದಕ್ಕೂ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮೇ ಗತಿ.

ಎಂ.ಆರ್.ಗಳಲ್ಲಿ ನಿಮಗೆ ಬೇಕಾದದ್ದು ಪೌತಿ ಖಾತೆಯವು, ಅಂದರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರಿಗೆ ಆದವು. ಹಳೆಯ ಪಹಣಿಯಲ್ಲಿ ಐ.ಎಚ್.ಸಿ. ಅಥವಾ ಐ.ಎಚ್.ಆರ್. ಎಂದಿದ್ದರೆ ಅದು ವಾರಸಾ ಬದಲಾವಣೆ. ಬರೀ ರಿಜಿಸ್ಟರಿನ ಒಂದು ಸಾಲಿನ ನಕಲಿಗೆ ತೃಪ್ತಿಪಡಬೇಡಿ, ಕಡತವನ್ನೇ ಕೇಳಿ. ಕಡತ ಉಳಿದಿದ್ದರೆ ಅದರಲ್ಲಿ ವಂಶವೃಕ್ಷ, ಮರಣದ ತಾರೀಖು, ಅಣ್ಣತಮ್ಮಂದಿರ ಹೇಳಿಕೆ, ಗ್ರಾಮಸ್ಥರ ಮಹಜರು ಇರುತ್ತವೆ. ಕ್ರಯದ ಎಂ.ಆರ್. ಬಂದರೆ ಎಳೆ ಅಲ್ಲಿಗೆ ನಿಂತಿತು ಎಂದು ಅರ್ಥ, ಆ ಹೊಲ ನಿಮ್ಮ ಮನೆಗೆ ಆವತ್ತು ಬಂದದ್ದು. ಆಗ ಅದನ್ನು ಬಿಟ್ಟು ಮನೆತನದ ಇನ್ನೊಂದು ಸರ್ವೆ ನಂಬರು ಹಿಡಿಯಿರಿ. "ಪಿತ್ರಾರ್ಜಿತ" ಎಂದು ಮನೆಯಲ್ಲಿ ಕರೆಯುವ ಹೊಲ, ಹೊಲದಲ್ಲಿ ಹಿರಿಯರ ಸಮಾಧಿ ಇರುವ ಹೊಲ, ಇವುಗಳಿಂದ ಶುರು ಮಾಡಿದರೆ ದೂರ ಹೋಗಬಹುದು.

ನಕಲಿಗೆ ಅರ್ಜಿ ಬರೆಯುವಾಗ "ನಮ್ಮ ಅಜ್ಜನ ದಾಖಲೆ ಕೊಡಿ" ಎಂದರೆ ಏನೂ ಸಿಗದು. ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಒಳಪಾಲು), ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದಾಖಲೆ, ಇಷ್ಟನ್ನೂ ಬಿಡಿಬಿಡಿಯಾಗಿ ಬರೆಯಿರಿ. ಕೇಳಬೇಕಾದವು: ಕೈಬರಹದ ಪಹಣಿ, ಎಂ.ಆರ್., ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರುವಾರು ಸೂಚಿ), ಆರ್.ಆರ್. (ಹಕ್ಕು ದಾಖಲೆ), ಇವೆಲ್ಲಕ್ಕಿಂತ ಹಳೆಯದಾದ ಖೇತ್ವಾರ್ (ಮೋಜಣಿಯ ಹೊಲವಾರು ಪಟ್ಟಿ). ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಶುರುವಾದದ್ದು 1863ರಲ್ಲಿ. ಆ ಕಾಲದ ಖಾತೆದಾರನ ಹೆಸರು ಸಿಕ್ಕರೆ, 25–30 ವರ್ಷಕ್ಕೊಂದು ತಲೆಮಾರು ಎಂದು ಹಿಡಿದರೂ ನೀವು ಐದಾರು ತಲೆಮಾರು ಹಿಂದೆ ಹೋದಂತೆ. "ದಾಖಲೆ ಲಭ್ಯವಿಲ್ಲ" ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಹಿಂಬರಹ (ಬರವಣಿಗೆಯ ಉತ್ತರ) ಕೊಡಿ ಎಂದು ಕೇಳಿ. ಮಾಹಿತಿ ಹಕ್ಕಿನಲ್ಲೂ ಹಾಕಬಹುದು: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ತಾಲ್ಲೂಕು ಕಚೇರಿಗಳಲ್ಲಿ ಭೂ ಸುರಕ್ಷಾ ಯೋಜನೆಯಡಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ನಿಮ್ಮ ಗ್ರಾಮದ್ದು ಮುಗಿದಿದೆಯೇ ಎಂದು ಮೊದಲೇ ವಿಚಾರಿಸಿದರೆ ಓಡಾಟ ಉಳಿಯುತ್ತದೆ.

ಹಳೆಯ ಪುಟ ಓದಲು ನಾಲ್ಕು ಮಾತು ಗೊತ್ತಿರಬೇಕು. "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ, "ಉರುಫ್" ಎಂದರೆ ಇನ್ನೊಂದು ಹೆಸರು. ಎಕರೆಗೆ 40 ಗುಂಟೆ. ಕಂದಾಯ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿದ್ದರೆ 1957ಕ್ಕಿಂತ ಹಿಂದಿನ ಬರಹ ಎಂಬುದಕ್ಕೆ ಸೂಚನೆ. ಕೆಲವು ಶಾನುಭೋಗರ ಮೋಡಿ ಬರಹ (ಕೂಡಿಸಿ ಬರೆದ ಅಕ್ಷರ) ಈಗಿನವರಿಗೆ ಓದಲು ಬರುವುದಿಲ್ಲ. ಫೋಟೋ ತೆಗೆದು ಹಳೆಯ ಶಾನುಭೋಗರ ಮನೆಯವರಿಗೋ, ನಿವೃತ್ತ ಶಿರಸ್ತೇದಾರರಿಗೋ ತೋರಿಸಿ.

ಹಿಸ್ಸಾ ನಂಬರೂ ಮಾತಾಡುತ್ತದೆ. 42 ಎಂಬುದು 42/1, 42/2, 42/3 ಆಗಿದ್ದರೆ ಯಾವಾಗಲೋ ಮೂವರು ಪಾಲು ಮಾಡಿಕೊಂಡಿರಬೇಕು. ಪಕ್ಕದ ಹಿಸ್ಸೆಯವರು ಇವತ್ತು ಮಾತಾಡದಿರಬಹುದು, ಆದರೆ ಮೂಲದಲ್ಲಿ ದಾಯಾದಿಗಳಾಗಿರುವ ಸಂಭವ ಹೆಚ್ಚು. ಕ್ರಯಪತ್ರದ ಚಕ್ಕುಬಂದಿಯನ್ನು ಇದೇ ಕಾರಣಕ್ಕೆ ಓದಬೇಕು: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹೊಲ ಎಂದು ಬರೆದಿರುವಲ್ಲಿ ಅಜ್ಜನ ಅಣ್ಣತಮ್ಮಂದಿರ ಹೆಸರು ಕೂತಿರುತ್ತದೆ.

ಉಪನೋಂದಣಿ ಕಚೇರಿ ಮತ್ತು ಕೋರ್ಟು

ನೋಂದಾಯಿತ ಪಾಲುಪಟ್ಟಿ, ಕ್ರಯ, ಅಡಮಾನ, ದಾನಪತ್ರಗಳು 1ನೇ ಪುಸ್ತಕದಲ್ಲಿರುತ್ತವೆ. ಉಯಿಲು 3ನೇ ಪುಸ್ತಕದಲ್ಲಿ. ಸೂಚಿ ಎರಡು ಬಗೆ: ಒಂದು ಹೆಸರಿನದು, ಇನ್ನೊಂದು ಆಸ್ತಿಯದು. ಆಸ್ತಿಯ ಸೂಚಿಯಲ್ಲಿ ಸರ್ವೆ ನಂಬರು ಕೊಟ್ಟು ಹುಡುಕಿಸಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲಿನ ನಕಲು ಬರೆದವರು ತೀರಿಕೊಂಡ ಮೇಲೆ ಸಿಗುತ್ತದೆ. ಕಂಪ್ಯೂಟರಿನ ಇ.ಸಿ. (ಋಣಭಾರ ಪತ್ರ) 2004ರಿಂದೀಚೆಗಿನದಕ್ಕೆ ಮಾತ್ರ. ಹಿಂದಿನದನ್ನು ಕೈಯಾರೆ ಹುಡುಕಬೇಕು, ಶುಲ್ಕ ವರ್ಷಗಳ ಲೆಕ್ಕದಲ್ಲಿ ಬೀಳುತ್ತದೆ. ಹಾಗಾಗಿ ಎಂ.ಆರ್.ನಿಂದ ವರ್ಷ ತಿಳಿದುಕೊಂಡು ಹೋಗುವುದು ಲಾಭ.

ಮನೆತನದಲ್ಲಿ ಯಾರಾದರೂ ಪಾಲಿನ ದಾವೆ ಹೂಡಿದ್ದರೆ ಅದು ಹುಡುಕುವವರಿಗೆ ಸಿಕ್ಕ ನಿಧಿ. ದಾವಾಪತ್ರದಲ್ಲಿ ವಂಶವೃಕ್ಷ ಇರಲೇಬೇಕು, ಎದುರುಪಕ್ಷದವರು ಅದನ್ನು ಒಪ್ಪಿದರೋ ಅಲ್ಲಗಳೆದರೋ ಎಂಬುದೂ ದಾಖಲಾಗಿರುತ್ತದೆ. ಜಗಳದಲ್ಲಿ ಪರೀಕ್ಷೆಗೆ ಒಳಗಾದ ವಂಶವೃಕ್ಷ, ಒಬ್ಬರೇ ಕೂತು ಬರೆಸಿದ್ದಕ್ಕಿಂತ ಗಟ್ಟಿ.

ಹೊಲವೇ ಇಲ್ಲದವರು ಏನು ಮಾಡಬೇಕು

ಪಹಣಿಯ ದಾರಿ ಉಳ್ಳವರ ದಾರಿ. ಊರಿನಲ್ಲಿ ದುಡಿದು ಬದುಕಿದ, ಹೆಸರಿನಲ್ಲಿ ಗುಂಟೆ ನೆಲವೂ ಇರದ ಮನೆತನಗಳು ಕಾಗದದಲ್ಲಿ ಕಾಣುವುದೇ ಕಷ್ಟ. ಅವರ ಹುಡುಕಾಟಕ್ಕೆ ಹೆಚ್ಚು ಶ್ರಮ ಹಾಕಬೇಕು, ಬಿಡಬಾರದು. ನೋಡಬೇಕಾದ ಕಡತಗಳು ಕೆಲವಿವೆ.

ತೋಟಿ, ತಳವಾರ, ನೀರಗಂಟಿ ಮುಂತಾದ ಊರ ಚಾಕರಿಯ ಮನೆತನಗಳಿಗೆ ಇನಾಂ ನೆಲ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದ ಮೇಲೆ ಆ ನೆಲವನ್ನು ಅವರಿಗೇ ಮರುಮಂಜೂರು ಮಾಡಿದರು. ಆ ಮರುಮಂಜೂರಾತಿ ಕಡತದಲ್ಲಿ ಚಾಕರಿ ಯಾರಿಂದ ಯಾರಿಗೆ ಬಂತು ಎಂಬ ವಿವರ ಇರುತ್ತದೆ. ಪಟೇಲ, ಶಾನುಭೋಗ ಮನೆತನಗಳಿಗೂ ಇದೇ ಕಡತ. ಗೇಣಿದಾರರಾಗಿದ್ದವರು ಭೂ ನ್ಯಾಯಮಂಡಳಿಗೆ ಹಾಕಿದ ನಮೂನೆ 7ರ ಅರ್ಜಿ ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯಡಿ ಅರ್ಜಿಗೆ ಕೊನೆಯ ಗಡುವು 1979ರ ಜೂನ್ 30 ಇತ್ತು. ತಂದೆ, ಅಜ್ಜ ಯಾರ ಹೊಲ ಗೇಣಿಗೆ ಮಾಡುತ್ತಿದ್ದರು, ಎಷ್ಟು ವರ್ಷದಿಂದ ಎಂಬ ಹೇಳಿಕೆ ಅವರದೇ ಮಾತಿನಲ್ಲಿ ಅಲ್ಲಿ ದಾಖಲಾಗಿರುತ್ತದೆ. ಸರ್ಕಾರಿ ನೆಲಕ್ಕಾಗಿ ಹಾಕಿದ ದರಖಾಸ್ತಿನ ಮಂಜೂರಾತಿ ಕಡತಗಳೂ ಹೀಗೆಯೇ.

ಇನ್ನು ಶಾಲೆಯ ದಾಖಲಾತಿ ರಿಜಿಸ್ಟರ್. ತಂದೆಯ ಹೆಸರು, ಊರು, ಮೊದಲು ಓದಿದ ಶಾಲೆ ನಂಬಬಹುದು. ಹುಟ್ಟಿದ ತಾರೀಖು ನಂಬಬೇಡಿ. ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1 ಊರ ತುಂಬ ಸಿಗುತ್ತದೆ. ಪಂಚಾಯ್ತಿಯ ಮನೆ ಕಂದಾಯದ ಪುಸ್ತಕ, 2002ರ ಮತದಾರರ ಪಟ್ಟಿ ಮನೆ ನಂಬರಿನ ಪ್ರಕಾರ ಇರುವುದರಿಂದ ಒಂದೇ ಸೂರಿನಡಿ ಯಾರಿದ್ದರು ಎಂದು ತಿಳಿಯಲು ಅನುಕೂಲ. ಹಳೆಯ ಜನಗಣತಿಯಲ್ಲಿ ಹೆಸರು ಹುಡುಕಲು ಹೋಗಬೇಡಿ, ಪ್ರಕಟವಾಗಿ ಉಳಿದಿರುವುದು ಅಂಕಿಅಂಶ ಮಾತ್ರ.

ಗಡಿ ತಪ್ಪಿದರೆ ಕಡತ ತಪ್ಪುತ್ತದೆ

ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಅದಕ್ಕೆ ಮುಂಚೆ ಚಿತ್ರದುರ್ಗದಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲಾ ಕಚೇರಿಯ ಹಳೆಯ ಕಡತ ಹಳೆಯ ಜಿಲ್ಲೆಯಲ್ಲೇ ಉಳಿದಿರುವುದುಂಟು.

ಇದಕ್ಕಿಂತ ಮುಖ್ಯವಾದದ್ದು 1953, 1956ರ ಗಡಿ ಬದಲಾವಣೆ. ಹರಪನಹಳ್ಳಿ 1953ರ ಅಕ್ಟೋಬರ್‌ವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಲ್ಲಿಯ ಅಡಂಗಲ್ (ನಮ್ಮ ಪಹಣಿಯಂಥದ್ದು) ಪುಸ್ತಕಗಳಲ್ಲಿ ಫಸಲಿ (ಕಂದಾಯದ) ವರ್ಷ ಇರುತ್ತದೆ, 590 ಕೂಡಿಸಿದರೆ ಇಸವಿ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, 1956ರವರೆಗೆ ಮುಂಬಯಿಯ ಕಡೆ. ಅಲ್ಲಿ ನಮ್ಮ ಎಂ.ಆರ್.ಗೆ ಎಂ.ಇ. ಎನ್ನುತ್ತಾರೆ. ಹೊಳೆ ದಾಟಿ ಹೆಣ್ಣು ಕೊಟ್ಟು ತರುವುದು ಎಂದಿನಿಂದಲೂ ಇದೆ, ಹಾಗಾಗಿ ಅಜ್ಜಿಯ ಕಡೆ ಹುಡುಕಲು ಹೊರಟವರು ಬೇರೆಯೇ ಪದ್ಧತಿಯ ಪುಸ್ತಕ ತೆರೆಯಬೇಕಾದೀತು.

ಊರಿನ ಮಟ್ಟದಲ್ಲೂ ಇದೇ ತೊಡಕು. ಗೊಲ್ಲರಹಟ್ಟಿ, ತಾಂಡಾ, ಮಜರೆ ಹಳ್ಳಿಗಳ ಹೊಲ ಮೂಲ ಕಂದಾಯ ಗ್ರಾಮದ ಹೆಸರಿನಲ್ಲಿರುತ್ತದೆ. ಮನೆಯವರು ಹೇಳುವ ಊರಿನ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಅಕ್ಕಪಕ್ಕದ ದಾಖಲೆ ಗ್ರಾಮ ಯಾವುದೆಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಬೇಚಿರಾಕ್ ಗ್ರಾಮಗಳನ್ನೂ ಮರೆಯಬೇಡಿ. ಜನ ಬಿಟ್ಟುಹೋದ ಊರು, ಆದರೆ ಸರ್ವೆ ನಂಬರುಗಳು ಹಾಗೇ ಇವೆ. "ನಮ್ಮ ಹಳೇ ಊರು ಹಾಳುಬಿತ್ತು" ಎನ್ನುವ ಮನೆತನಗಳ ಖಾತೆ ಅಲ್ಲಿ ಸಿಕ್ಕೀತು.

ಹೆಳವರು, ಮನೆದೇವರು, ಬೆಡಗು

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹಾಡಿ ಒಪ್ಪಿಸುವ ಹೆಳವರು ಕಾಗದವಿಲ್ಲದ ಕಾಲದ ದಾಖಲೆಗಾರರು. ಎಲ್ಲ ಜಾತಿಗೂ ಬರುವುದಿಲ್ಲ, ಬರುವ ಮನೆತನಗಳು ಅವರವರಲ್ಲೇ ಹಂಚಿಕೆಯಾಗಿರುತ್ತವೆ. ನಿಮ್ಮ ದಾಯಾದಿಗಳಲ್ಲಿ ದೊಡ್ಡಮನೆ ಯಾವುದೋ ಅಲ್ಲಿ ವಿಚಾರಿಸಿ, ಬರುವ ಹೆಳವರ ಊರು ತಿಳಿದುಕೊಳ್ಳಿ. ಕಾಣಿಕೆ, ಕಾಳು ಕೊಟ್ಟು ಗೌರವದಿಂದ ಕೂರಿಸಿ, ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿ. ಅವರು ಒಪ್ಪಿಸುವುದು ಗಂಡು ಸಂತತಿಯ ಸಾಲು. ಹೆಣ್ಣುಮಕ್ಕಳು, ಮಕ್ಕಳಿಲ್ಲದೆ ತೀರಿಕೊಂಡವರು ಬಿಟ್ಟುಹೋಗುತ್ತಾರೆ. ಅವರ ಪಟ್ಟಿಯ ಈಚಿನ ಎರಡು ಮೂರು ತಲೆಮಾರು ನಿಮ್ಮ ಎಂ.ಆರ್.ಗಳ ಜೊತೆ ತಾಳೆಯಾದರೆ ಅದರ ಹಿಂದಿನ ಕೆಲವು ತಲೆಮಾರನ್ನೂ ನಂಬಬಹುದು. ತಾಳೆಯಾಗದಿದ್ದರೆ ಬೇರೆ ಕವಲಿನ ಪಟ್ಟಿ ಹೇಳುತ್ತಿದ್ದಾರೆ ಎಂದಿರಬಹುದು.

ಮನೆದೇವರಿಂದ ಮೂಲ ಊರು ಹಿಡಿಯುವುದು ಹಳೆಯ ದಾರಿ. ಆದರೆ ಮೈಲಾರ, ಕೊಟ್ಟೂರು, ನಾಯಕನಹಟ್ಟಿಯಂಥ ದೊಡ್ಡ ಕ್ಷೇತ್ರದ ದೇವರಿಗೆ ಒಕ್ಕಲು ನಾಡೆಲ್ಲ ಇದೆ, ಅದರಿಂದ ಏನೂ ತಿಳಿಯದು. ಹೆಸರೇ ಕೇಳಿರದ ಸಣ್ಣ ಊರಿನ ದೇವರು ನಿಮ್ಮ ಮನೆದೇವರಾಗಿದ್ದರೆ ಮಾತ್ರ ಆ ಊರಿಗೆ ಹೋಗಿ ನಿಮ್ಮದೇ ಬೆಡಗಿನವರು (ಒಂದೇ ಮೂಲದ ಬಳಿಯವರು) ಇದ್ದಾರೆಯೇ ನೋಡಿ.

ಎಳೆ ತಪ್ಪುವ ಜಾಗಗಳು

ದತ್ತು ಹೋದವನ ಬಿನ್ ಮುಂದೆ ದತ್ತು ತಂದೆಯ ಹೆಸರಿರುತ್ತದೆ, ಹೊಲವೂ ಆ ಕಡೆಯದೇ. ಮನೆ ಅಳಿಯನಾಗಿ ಬಂದವನಿಗೆ ಮಾವನ ಹೊಲ ಬಂದಿರುತ್ತದೆ. ಪಹಣಿ ಮಾತ್ರ ನೋಡಿದರೆ ಮಾವನನ್ನೇ ತಂದೆ ಎಂದುಕೊಳ್ಳುತ್ತೀರಿ. ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಗಂಡ ತೀರಿದವರಿಗೆ ಉಡಿಕೆ (ಮರುಮದುವೆ) ಮಾಡುವ ಪದ್ಧತಿ ಇತ್ತು. ಆಗ ಒಂದೇ ತಾಯಿಯ ಮಕ್ಕಳಿಗೆ ಬೇರೆಬೇರೆ ತಂದೆಯ ಹೆಸರು. ಕೆಲವು ಕಡತಗಳಲ್ಲಿ ಬಿನ್ ಮುಂದೆ ತಾಯಿಯ ಹೆಸರೇ ಇರುತ್ತದೆ. ಅದನ್ನು ತಿದ್ದಬೇಡಿ, ಮುಚ್ಚಬೇಡಿ, ಇದ್ದ ಹಾಗೇ ಬರೆದುಕೊಳ್ಳಿ. ಆ ತಾಯಿ ಆ ಮನೆತನದ ಮೂಲಪುರುಷರಷ್ಟೇ ದೊಡ್ಡವಳು.

ಪೌತಿ ಖಾತೆಯ ವಂಶವೃಕ್ಷದಲ್ಲೂ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿರುವುದು ಬಹಳ. ಒಂದು ಕಡತದಲ್ಲಿ ಮೂವರೇ ಮಕ್ಕಳು ಎಂದಿದ್ದರೆ ಮೂವರೇ ಎಂದು ತೀರ್ಮಾನಿಸಬೇಡಿ. ಮುಯ್ಯಿ ಪುಸ್ತಕ, ಆರಾಧನೆ ಪತ್ರಿಕೆ ಜೊತೆಗಿಟ್ಟು ನೋಡಿ.

ಪ್ರತಿಯೊಂದು ತಂದೆ-ಮಗನ ಜೋಡಿಗೂ ಕಡಿಮೆ ಎಂದರೆ ಎರಡು ಬೇರೆಬೇರೆ ಆಧಾರ ಇರಲಿ: ಒಂದು ಎಂ.ಆರ್., ಇನ್ನೊಂದು ಶಾಲೆಯದೋ, ಪಾಲುಪಟ್ಟಿಯದೋ, ಹೆಳವರದೋ. ಒಂದೇ ಆಧಾರ ಇರುವ ಜೋಡಿಯ ನಡುವೆ ವಂಶವೃಕ್ಷದಲ್ಲಿ ಗೆರೆಯನ್ನು ಚುಕ್ಕಿಚುಕ್ಕಿಯಾಗಿ ಎಳೆಯಿರಿ, ಪಕ್ಕದಲ್ಲಿ ದಾಖಲೆಯ ನಂಬರು ಬರೆಯಿರಿ. ಮುಂದೆ ಮನೆಯ ಹುಡುಗರು ಕೆಲಸ ಮುಂದುವರಿಸುವಾಗ ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಖೇತ್ವಾರಿನ ಹಿಂದೆ ಹೋಗುವ ಆಸೆ ಇದ್ದರೆ ಶಾಸನಗಳಿವೆ. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದಲ್ಲಿ ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ. ಚನ್ನಗಿರಿ, ಹೊನ್ನಾಳಿಯವರು 7ನೇ ಸಂಪುಟ ನೋಡಬೇಕು. ಊರಿನ ಹಳೆಯ ಹೆಸರು, ಕೆರೆ ಕಟ್ಟಿಸಿದವರು, ಗೌಡರ ಹೆಸರು ಸಿಗುತ್ತವೆ. ಅದು ಊರಿನ ಚರಿತ್ರೆ. ನಡುವಿನ ತಲೆಮಾರುಗಳಿಗೆ ಕಾಗದವಿಲ್ಲದೆ ಊರ ಮುಂದಿನ ವೀರಗಲ್ಲಿನವನನ್ನು ನಮ್ಮಜ್ಜ ಎಂದು ವಂಶವೃಕ್ಷದ ತುದಿಗೆ ಬರೆಯಬೇಡಿ, ಹೆಸರನ್ನು ಬೇರೆ ಹಾಳೆಯಲ್ಲಿ ಊರಿನ ಹೆಸರಿನ ಕೆಳಗೆ ಬರೆದಿಡಿ.